ಬೋಲ್ಟು ಕೂತರೆ ಹೆಡ್ಡು ಕೂತಂತಲ್ಲ

ಕೊಡಿಗೇಹಳ್ಳಿ ಗೇಟಿನ ಆಚೆ, ತಿಂಡ್ಲು ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಚಿಕ್ಕ ಗ್ಯಾರೇಜು. ಬಾನೆಟ್ ಎತ್ತಿ ನಿಲ್ಲಿಸಿದ ಬಿಳಿ ಅಂಬಾಸಿಡರ್, ಪಕ್ಕದ ಬೆಂಚಿನ ಮೇಲೆ ಮಸಿ ಹಿಡಿದ ಅದರ ಸಿಲಿಂಡರ್ ಹೆಡ್. ಕಾರಿನ ಯಜಮಾನರು ಮೆಲ್ಲಗೆ ವಿಷಯ ತೆಗೆದರು: “ಎಂಜಿ ಕಾರಿಂದು ಒಂದು ಹೆಡ್ಡು ಸಿಗೋ ಹಾಗಿದೆಯಪ್ಪ. ಇದೇ ಇಂಜಿನ್ ಜಾತೀದಂತೆ. ನಮ್ಮ ಗಾಡಿಗೆ ಕೂರುತ್ತಾ?” ಮೇಸ್ತ್ರಿ ಬನಿಯನ್ ವೇಸ್ಟಿನಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದ: “ಕೂರ್ಸೋದೇನು ಬಿಡಿ ಸಾರ್, ಕೂರ್ಸಬಹುದು. ಆಮೇಲೆ ಓಡ್ಬೇಕಲ್ಲ!”

ಹಳೆಯ ಕಾರಿನ ಹುಚ್ಚು ಹತ್ತಿಸಿಕೊಂಡವರಿಗೆ ಈ ಆಸೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಇಡೀ ಇಂಜಿನ್ ಬದಲಿಸುವುದು ದುಬಾರಿ, ಕಾಗದಪತ್ರದ ರಗಳೆ ಬೇರೆ. ಹೆಡ್ಡಾದರೆ ಹನ್ನೊಂದೋ ಹನ್ನೆರಡೋ ನಟ್ ಬಿಚ್ಚಿ ಎತ್ತಿದರಾಯಿತು. ಅದೇ ಇಂಜಿನ್ನಿನ ಇನ್ನೊಂದು ಮಾದರಿಯ ಹೆಡ್ ತಂದು ಕೂರಿಸಿದರೆ ಪಿಕಪ್ ಹೆಚ್ಚೀತು ಎಂಬ ಲೆಕ್ಕ. ಲೆಕ್ಕ ಪೂರ್ತಿ ಸುಳ್ಳೂ ಅಲ್ಲ. ಆದರೆ ಅದರಲ್ಲಿ ಅರ್ಧ ಮಾತ್ರ ಬೋಲ್ಟಿನ ತೂತುಗಳಿಗೆ ಸಂಬಂಧಿಸಿದ್ದು. ಉಳಿದರ್ಧ ಸಿಸಿ ಲೆಕ್ಕದ್ದು, ಅದನ್ನು ಅಳೆಯುವ ವ್ಯವಧಾನ ಬಹಳ ಜನಕ್ಕಿಲ್ಲ.

ಇಂಜಿನ್ನಿನ ಶಕ್ತಿ ಹುಟ್ಟುವುದು ಪಿಸ್ಟನ್ನಿನ ನೆತ್ತಿಗೂ ಹೆಡ್ಡಿನ ಒಳಮೈಗೂ ನಡುವಿನ ಅಂಗೈ ಅಗಲದ ಪೊಳ್ಳಿನಲ್ಲಿ. ಪೆಟ್ರೋಲ್ ಬೆರೆತ ಗಾಳಿ ಒಳಗೆ ಬರುವ ದಾರಿ, ಹೊಗೆ ಹೊರಹೋಗುವ ದಾರಿ, ವಾಲ್ವುಗಳು, ಸ್ಪಾರ್ಕ್ ಪ್ಲಗ್, ಸುತ್ತ ನೀರು ಹರಿಯುವ ಕಾಲುವೆ ಎಲ್ಲ ಹೆಡ್ಡಿನಲ್ಲೇ. ಮೊದಲು ಹೀಗಿರಲಿಲ್ಲ. 1957ರಲ್ಲಿ ಬಂದ ಮೊದಲ ಅಂಬಾಸಿಡರ್‌ಗಳಲ್ಲಿ ಇದ್ದದ್ದು 1476 ಸಿಸಿಯ ಸೈಡ್ ವಾಲ್ವ್ ಇಂಜಿನ್. ವಾಲ್ವುಗಳು ಬ್ಲಾಕಿನ ಮಗ್ಗುಲಲ್ಲೇ ಇದ್ದುದರಿಂದ ಹೆಡ್ ಅನ್ನುವುದು ಪಾತ್ರೆಗೆ ಮುಚ್ಚಿದ ತಟ್ಟೆಯಷ್ಟೇ. 1959ರಲ್ಲಿ ಅದರ ಜಾಗಕ್ಕೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸೀರೀಸ್ ಇಂಜಿನ್ ಬಂತು. 1489 ಸಿಸಿ, ವಾಲ್ವುಗಳೆಲ್ಲ ಹೆಡ್ಡಿನ ಮೇಲೆ. ನಮ್ಮಲ್ಲಿ ಮೂರು ದಶಕಕ್ಕೂ ಮೀರಿ ಟ್ಯಾಕ್ಸಿಯವರಿಂದ ಮುಖ್ಯಮಂತ್ರಿಗಳವರೆಗೆ ಎಲ್ಲರನ್ನೂ ಹೊತ್ತದ್ದು ಇದೇ ಇಂಜಿನ್.

ಈ ಬಿ ಸೀರೀಸ್‌ಗೆ ಅಣ್ಣತಮ್ಮಂದಿರು ಬಹಳ. ಇಂಗ್ಲೆಂಡಿನ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ 1955ರಿಂದ ಇದ್ದದ್ದು ಇದೇ 1489. ಆಮೇಲೆ ಅದು 1588, 1622 ಆಯಿತು. 1962ರ ಎಂಜಿಬಿಯಲ್ಲಿ 1798 ಸಿಸಿಗೆ ಹೋಯಿತು. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಅಂದರೆ ಸ್ಟ್ರೋಕ್, ಈ ನಾಲ್ಕರಲ್ಲೂ 88.9 ಮಿ.ಮೀ. ಬೋರ್ ಮಾತ್ರ 73ರಿಂದ 80 ಮಿ.ಮೀ. ದಾಟುವವರೆಗೆ ಹಿಗ್ಗುತ್ತ ಹೋಯಿತು. ಎಲ್ಲಕ್ಕೂ ಐದು ಪೋರ್ಟಿನ ಎರಕದ ಕಬ್ಬಿಣದ ಹೆಡ್: ಎರಡೆರಡು ಸಿಲಿಂಡರ್‌ಗೆ ಹಂಚಿಕೊಂಡ ಎರಡು ಇನ್‌ಲೆಟ್, ಮೂರು ಎಕ್ಸಾಸ್ಟ್. ಪೊಳ್ಳಿನ ಆಕಾರ ಹೃದಯದ ಹಾಗೆ. ಹ್ಯಾರಿ ವೆಸ್ಲೇಕ್ ಎಂಬ ಇಂಗ್ಲಿಷ್ ತಜ್ಞನ ವಿನ್ಯಾಸ ಅದು.

ಆಸೆ ಹುಟ್ಟಿಸುವ ಅಂಕಿ ಇಲ್ಲಿದೆ. ಅಂಬಾಸಿಡರ್‌ನ 1489 ಕೊಡುತ್ತಿದ್ದುದು 50ರ ಆಸುಪಾಸಿನ ಅಶ್ವಶಕ್ತಿ. ಅದೇ 1489 ಎಂಜಿಎಯಲ್ಲಿ 72ರವರೆಗೆ ಹೋಗಿತ್ತು. ಅಷ್ಟೇ ಗಾತ್ರ, ಅದೇ ಬ್ಲಾಕಿನ ನಕಾಶೆ. ಎಲ್ಲಿಂದ ಬಂತು ಆ ಹೆಚ್ಚುವರಿ? ಒಂದಕ್ಕೆ ಬದಲು ಎರಡು ಕಾರ್ಬ್ಯುರೇಟರ್, ಹೆಚ್ಚು ಕಂಪ್ರೆಶನ್, ಅದಕ್ಕೆ ಹೊಂದುವ ಕ್ಯಾಮ್, ಗಟ್ಟಿ ಸ್ಪ್ರಿಂಗು. ಹೆಡ್ ಇದರಲ್ಲಿ ಒಂದು ಪಾಲುದಾರ ಮಾತ್ರ. ಹೆಡ್ ಒಂದನ್ನೇ ತಂದು ಕೂರಿಸಿ 72 ಕುದುರೆ ಎಣಿಸುತ್ತ ಕೂರುವವರು ಈ ಮಾತನ್ನು ಕೇಳಿಸಿಕೊಳ್ಳುವುದಿಲ್ಲ.

ಇನ್ನೂ ದೊಡ್ಡ ಭ್ರಮೆ ಬೇರೆ ಇದೆ. ದೊಡ್ಡ ಇಂಜಿನ್ನಿನ ಹೆಡ್ ತಂದರೆ ಚಿಕ್ಕ ಇಂಜಿನ್ನಿಗೆ ಬಲ ಬರುತ್ತದೆ ಎನ್ನುವುದು. ಲೆಕ್ಕ ಹಾಕಿ ನೋಡೋಣ, ಕಷ್ಟವೇನಿಲ್ಲ. 1489ನ್ನು ನಾಲ್ಕರಿಂದ ಭಾಗಿಸಿದರೆ ಒಂದು ಸಿಲಿಂಡರಿಗೆ ಸುಮಾರು 372 ಸಿಸಿ. ಪಿಸ್ಟನ್ ತುತ್ತತುದಿಗೆ ಬಂದಾಗಲೂ ಮೇಲೆ ಉಳಿಯುವ ಜಾಗ 51 ಸಿಸಿ ಎಂದಿಟ್ಟುಕೊಳ್ಳಿ. 372ಕ್ಕೆ 51 ಕೂಡಿಸಿ, ಬಂದದ್ದನ್ನು 51ರಿಂದ ಭಾಗಿಸಿ. 8.3 ಬರುತ್ತದೆ. ಇದೇ ಕಂಪ್ರೆಶನ್ ರೇಶಿಯೊ. ಉಳಿಯುವ ಜಾಗ 60 ಸಿಸಿ ಆದರೆ ಅದು 7.2ಕ್ಕೆ ಇಳಿಯುತ್ತದೆ. ಬಿ ಸೀರೀಸ್ 1489 ಈ ಎರಡೂ ಅವತಾರಗಳಲ್ಲಿ ಇತ್ತು. ಒಳ್ಳೆಯ ಪೆಟ್ರೋಲ್ ಸಿಗುವ ಊರಿಗೆ 8.3, ಸಿಗದ ಕಡೆಗೆ 7.2. ಎರಡರ ನಡುವಿನ ಅಂತರ ಬರೀ ಒಂಬತ್ತು ಸಿಸಿ, ಎರಡು ಟೀ ಚಮಚಕ್ಕೂ ಕಡಿಮೆ.

ಈಗ ಎಂಜಿಬಿ. ಅದರ ಒಂದು ಸಿಲಿಂಡರ್ ಸುಮಾರು 450 ಸಿಸಿ, ರೇಶಿಯೊ 8.8. ಹಿಮ್ಮುಖ ಲೆಕ್ಕ ಹಾಕಿದರೆ ಮೇಲೆ ಉಳಿಯುವ ಜಾಗ 57 ಸಿಸಿಗಿಂತ ತುಸು ಹೆಚ್ಚು. ಅಷ್ಟೇ ಜಾಗವನ್ನು ಅಂಬಾಸಿಡರ್‌ನ 372 ಸಿಸಿಯ ಮೇಲೆ ಇಟ್ಟರೆ ಬರುವುದು 7.5. ಪಿಸ್ಟನ್ ನೆತ್ತಿಯ ಆಕಾರ, ಗ್ಯಾಸ್ಕೆಟ್ ದಪ್ಪ ಬದಿಗಿಟ್ಟು ಹಾಕಿದ ಸ್ಥೂಲ ಲೆಕ್ಕ ಇದು. ಆದರೂ ದಿಕ್ಕು ತಪ್ಪಿಲ್ಲ. 8.3ರ ಇಂಜಿನ್ನಿಗೆ ಹಣ ಸುರಿದು ದೊಡ್ಡ ಹೆಡ್ ಹಾಕಿದವರು ಬಲ ಇಳಿಸಿಕೊಂಡು ಮನೆಗೆ ಹೋಗುತ್ತಾರೆ. ಗಾಡಿ ಮೊದಲಿಗಿಂತ ನುಣುಪಾಗಿ ಓಡುತ್ತಿದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ.

“ಹಾಗಾದ್ರೆ ಫೇಸಿಂಗ್ ಹೊಡೆಸಿ ಹೆಡ್ ತೆಳು ಮಾಡಿದ್ರಾಯ್ತಲ್ಲ” ಎನ್ನುವುದು ಮುಂದಿನ ಪ್ರಶ್ನೆ. ಪೊಳ್ಳಿನ ಬಾಯಿ ಅಂದಾಜು 30 ಚದರ ಸೆಂ.ಮೀ. ಇದ್ದರೆ, ಆರೂವರೆ ಸಿಸಿ ಕಡಿಮೆ ಮಾಡಲು ಎರಡು ಮಿ.ಮೀ.ಗೂ ಹೆಚ್ಚು ಉಜ್ಜಬೇಕು. ಅಷ್ಟು ತೆಗೆದರೆ ಹೆಡ್ಡಿನ ತಳ ತೆಳುವಾಗಿ ನೀರಿನ ಕಾಲುವೆ ಹತ್ತಿರವಾಗುತ್ತದೆ. ಪುಶ್‌ರಾಡ್ ಈಗ ಉದ್ದವಾಯಿತು, ರಾಕರ್ ವಾಲ್ವಿನ ತುದಿಯನ್ನು ಒತ್ತುವ ಕೋನ ಬದಲಾಯಿತು. ಅದನ್ನು ಸರಿಮಾಡಲು ರಾಕರ್ ಕಾಲುಗಳ ಕೆಳಗೆ ಶಿಮ್ ಕೊಡಬೇಕು ಅಥವಾ ಬೇರೆ ಉದ್ದದ ಪುಶ್‌ರಾಡ್ ಹುಡುಕಬೇಕು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ಕೆಲಸ.

ಆದ್ದರಿಂದ ಗೊತ್ತಿದ್ದವರು ಮೊದಲು ಅಳೆಯುತ್ತಾರೆ. ಕಾರ್ಖಾನೆಯ ಉಪಕರಣವೇನೂ ಬೇಡ. ಹೆಡ್ಡನ್ನು ಅಂಗಾತ ಮಲಗಿಸಿ, ಪ್ಲಗ್ ಬಿಗಿದು, ವಾಲ್ವ್ ಮುಚ್ಚಿರಬೇಕು. ಪೊಳ್ಳಿನ ಬಾಯಿಯ ಸುತ್ತ ತೆಳ್ಳಗೆ ಗ್ರೀಸ್ ಸವರಿ ಅದರ ಮೇಲೆ ಅಕ್ರಿಲಿಕ್ ಹಾಳೆಯ ತುಂಡೊಂದನ್ನು ಒತ್ತಿ ಕೂರಿಸುವುದು. ಹಾಳೆಯ ಅಂಚಿನ ಬಳಿ ಒಂದು ಸಣ್ಣ ತೂತು. ಔಷಧಿ ಅಂಗಡಿಯ 50 ಎಂಎಲ್ ಸಿರಿಂಜಿನಲ್ಲಿ ಸೀಮೆಎಣ್ಣೆ ಎಳೆದುಕೊಂಡು ಆ ತೂತಿನಿಂದ ನಿಧಾನ ಬಿಡಬೇಕು. ಕಣ್ಣಿಗೆ ಕಾಣಲಿ ಎಂದು ಅದಕ್ಕೆ ಕೆಂಪು ಬಣ್ಣದ ಪವರ್ ಸ್ಟೀರಿಂಗ್ ಎಣ್ಣೆ ನಾಲ್ಕು ಹನಿ. ಹಾಳೆಯ ಕೆಳಗೆ ಗಾಳಿಗುಳ್ಳೆ ಕುಗ್ಗುತ್ತ ಕುಗ್ಗುತ್ತ ತೂತಿನ ಬಾಯಿಗೆ ಬಂದು ಮಾಯವಾದಾಗ ಸಿರಿಂಜಿನ ಗೆರೆ ಓದಿಕೊಳ್ಳುವುದು. ನಾಲ್ಕೂ ಪೊಳ್ಳು ಹೀಗೇ ಅಳೆದರೆ ಒಂದಕ್ಕೊಂದು ಅರ್ಧ ಸಿಸಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಐದು ನಿಮಿಷ ಹಾಗೇ ಬಿಟ್ಟು ನೋಡಿ. ಮಟ್ಟ ಇಳಿದು ಪೋರ್ಟಿನಲ್ಲಿ ಕೆಂಪು ಒಸರಿದರೆ ವಾಲ್ವ್ ಸೀಟ್ ಸರಿಯಿಲ್ಲ. ಒಂದೇ ಖರ್ಚಿನಲ್ಲಿ ಎರಡು ಪರೀಕ್ಷೆ.

ಉತ್ತರ ಬೆಂಗಳೂರಿನಲ್ಲಿ ಇಂಥ ಕೆಲಸಕ್ಕೆ ಕೈಗಳು ಸಿಗುವುದಕ್ಕೆ ಕಾರಣವಿದೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಮೈಕ್ರೊಮೀಟರ್ ಹಿಡಿದು ಬದುಕಿದ ಒಂದೆರಡು ತಲೆಮಾರು ಈ ಸುತ್ತಿನ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡಿತು. ಕೊಡಿಗೇಹಳ್ಳಿ, ವಿದ್ಯಾರಣ್ಯಪುರ, ಸಹಕಾರನಗರದ ಷೆಡ್ಡುಗಳಲ್ಲಿ ಇವತ್ತಿಗೂ ಹಳೇ ಅಂಬಾಸಿಡರ್, ಪದ್ಮಿನಿ ಕಣ್ಣಿಗೆ ಬೀಳುವುದು ಆಶ್ಚರ್ಯವಲ್ಲ. ಹೆಡ್ಡಿನ ಮುಖ ಸಮವಾಗಿದೆಯೇ ಎಂದು ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡದೆ ಮಾತೇ ಆಡದ ನಿವೃತ್ತ ಟರ್ನರುಗಳು ಇಲ್ಲಿದ್ದಾರೆ. ಅವರ ಮಾತಿಗೆ ಬೆಲೆ ಕೊಡಿ, ವೇಗದ ಕಥೆ ಹೇಳುವವರ ಮಾತಿಗಲ್ಲ.

ಗ್ಯಾಸ್ಕೆಟ್ ಕಡೆಗೆ ಬನ್ನಿ. ಹೆಡ್ ದೊಡ್ಡ ಇಂಜಿನ್ನಿನದು, ಬ್ಲಾಕ್ ಚಿಕ್ಕದು. ಯಾವುದರ ಗ್ಯಾಸ್ಕೆಟ್ ಹಾಕುತ್ತೀರಿ? ದೊಡ್ಡದನ್ನು ಹಾಕಿದರೆ ಬೋರಿನ ಸುತ್ತ ಒಂದು ಸಂದು ಉಳಿಯುತ್ತದೆ. ಮಸಿ ಅಲ್ಲಿ ಕೂತು ಕೆಂಡವಾಗುತ್ತದೆ. ಜೋಡಿ ತಿರುಗುಮುರುಗಾಗಿ, ಚಿಕ್ಕದನ್ನು ದೊಡ್ಡ ಬೋರಿನ ಮೇಲೆ ಹಾಕಿದರೆ ಅದರ ಅಂಚು ಬೆಂಕಿಯೊಳಕ್ಕೆ ಚಾಚಿ ಸುಟ್ಟೇ ಹೋಗುತ್ತದೆ. ಗ್ಯಾಸ್ಕೆಟ್ಟನ್ನು ಬ್ಲಾಕಿನ ಮೇಲೊಮ್ಮೆ, ಹೆಡ್ಡಿನ ಮೇಲೊಮ್ಮೆ ಇಟ್ಟು ನೀರಿನ ಪ್ರತಿ ತೂತನ್ನೂ ಹೊಂದಿಸಿ ನೋಡಬೇಕು. ಒಂದು ತೂತು ಮುಚ್ಚಿಕೊಂಡರೆ ಆ ಮೂಲೆಯಲ್ಲಿ ನೀರು ಆವಿಯಾಗಿ ನಿಲ್ಲುತ್ತದೆ. ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇರುತ್ತದೆ, ಹೆಡ್ ಮಾತ್ರ ಬಿರುಕು ಬಿಡುತ್ತದೆ. ರಾಕರ್‌ಗೆ ಆಯಿಲ್ ಏರಿ ಬರುವ ಸಣ್ಣ ದಾರಿಯದೂ ಇದೇ ಕತೆ. ಅದೊಂದು ಹೊಂದದಿದ್ದರೆ ರಾಕರ್ ಶಾಫ್ಟ್ ಒಣಗಿ ಕಿರುಗುಟ್ಟಿದಾಗಲೇ ಗೊತ್ತಾಗುವುದು.

ವಾಲ್ವಿನದ್ದು ಮತ್ತೊಂದು ಅಧ್ಯಾಯ. ದೊಡ್ಡ ಇಂಜಿನ್ನಿನ ಹೆಡ್ಡಿನಲ್ಲಿ ವಾಲ್ವೂ ದೊಡ್ಡದು. ಚಿಕ್ಕ ಬೋರಿನ ಅಂಚಿಗೆ ಅದು ತೀರಾ ಹತ್ತಿರ ಬಂದರೆ ಗಾಳಿ ಹರಿಯಲು ಜಾಗವಿಲ್ಲ. ತಗುಲಿದರೆ ಮುಗಿದೇ ಹೋಯಿತು. ಪರೀಕ್ಷೆ ಸುಲಭ: ಮಕ್ಕಳು ಆಡುವ ಕ್ಲೇ ಒಂದು ತುಂಡು ಪಿಸ್ಟನ್ನಿನ ನೆತ್ತಿಗೆ ಅಂಟಿಸಿ, ಹಳೆಯ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಟ್ಯಾಪೆಟ್ ಸೆಟ್ ಮಾಡಿ ಇಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸುವುದು. ಸ್ಟಾರ್ಟರ್ ಮುಟ್ಟಲೇಬಾರದು. ಹೆಡ್ ಎತ್ತಿ, ವಾಲ್ವ್ ಒತ್ತಿದ ಗುರುತಿನ ನಡುವೆ ಬ್ಲೇಡಿನಿಂದ ಕ್ಲೇ ಕೊಯ್ದು ದಪ್ಪ ಅಳೆದರೆ ನಿಜ ಗೊತ್ತಾಗುತ್ತದೆ. ತೀರಾ ತೆಳ್ಳಗೆ, ಎರಡು ಮಿ.ಮೀ.ಗಿಂತ ಕಡಿಮೆ ಇದ್ದರೆ ಆ ಹೆಡ್ ಬೇಡ.

ವಾಲ್ವ್ ಸೀಟಿನ ವಿಷಯದಲ್ಲಿ ಒಂದು ದಿನಾಂಕ ನೆನಪಿಡಬೇಕು. 2000ದ ಫೆಬ್ರುವರಿ 1ರಿಂದ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ಮಾತ್ರ. ಹಳೆಯ ಕಬ್ಬಿಣದ ಹೆಡ್ಡುಗಳಲ್ಲಿ ಪ್ರತ್ಯೇಕ ಸೀಟ್ ಇಲ್ಲ, ಹೆಡ್ಡಿನ ಕಬ್ಬಿಣವೇ ಸೀಟು. ಪೆಟ್ರೋಲಿನ ಸೀಸ ಅದನ್ನು ಕಾಯುತ್ತಿತ್ತು. ಈಗ ಎಕ್ಸಾಸ್ಟ್ ವಾಲ್ವ್ ಬಡಿದು ಬಡಿದು ಸೀಟ್ ಕುಸಿಯುತ್ತದೆ, ಟ್ಯಾಪೆಟ್ ಗ್ಯಾಪ್ ತಾನಾಗಿ ಕಡಿಮೆಯಾಗುತ್ತ ಬರುತ್ತದೆ. ಹೆಡ್ ಹೇಗೂ ಬಿಚ್ಚಿದ ಮೇಲೆ ಗಟ್ಟಿ ಉಕ್ಕಿನ ಸೀಟ್ ರಿಂಗ್ ಹಾಕಿಸುವುದೇ ಜಾಣತನ. ನನ್ನನ್ನು ಕೇಳಿದರೆ, ಬೇರೆ ಮಾದರಿಯ ಹೆಡ್ ತರುವ ದುಡ್ಡನ್ನು ಇದ್ದ ಹೆಡ್ಡಿನ ಸೀಟ್, ಗೈಡ್, ಪೋರ್ಟುಗಳ ಮೇಲೆ ಖರ್ಚು ಮಾಡಿದರೆ ಹತ್ತರಲ್ಲಿ ಎಂಟು ಅಂಬಾಸಿಡರ್‌ಗಳಿಗೆ ಅದೇ ಸಾಕು.

ಕಂಪ್ರೆಶನ್ ಏರಿಸುವವರಿಗೆ ಬೆಂಗಳೂರು ಸ್ವಲ್ಪ ಮೋಸ ಮಾಡುವ ಊರು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಶೇ 10 ಕಡಿಮೆ. ಸಿಲಿಂಡರ್‌ಗೆ ಹೋಗುವ ಗಾಳಿಯೂ ಅಷ್ಟೇ ಕಡಿಮೆ. ಇಲ್ಲಿ ಟ್ಯೂನ್ ಮಾಡಿದ ಇಂಜಿನ್ ಯಲಹಂಕದವರೆಗೆ ಹೋಗಿ ಬಂದರೆ ನಾಕಿಂಗ್ ಸದ್ದೇ ಬರುವುದಿಲ್ಲ. ಅದೇ ಕಾರು ನಾಲ್ಕು ಜನ, ಲಗೇಜು ಹೇರಿಕೊಂಡು ಏಪ್ರಿಲ್ ಬಿಸಿಲಲ್ಲಿ ಕರಾವಳಿಯಿಂದ ಶಿರಾಡಿ ಘಾಟಿ ಹತ್ತಲು ಶುರುಮಾಡಿದಾಗ ಕಟಕಟ ಎನ್ನುತ್ತದೆ. ಆ ಸದ್ದು ಪಿಸ್ಟನ್ ರಿಂಗಿನ ಮರಣಪತ್ರ. ಹೆಡ್ ಬದಲಿಸಿದ ಮೇಲೆ ಟೈಮಿಂಗ್ ಮತ್ತೆ ಹೊಂದಿಸಬೇಕು ಎನ್ನುವುದು ಇದಕ್ಕೇ.

ಪೆಟ್ರೋಲೂ ಬದಲಾಗಿದೆ. ಹಿಂದೆ ನಮ್ಮ ಬಂಕುಗಳಲ್ಲಿ ಸಿಗುತ್ತಿದ್ದ ಸಾದಾ ಪೆಟ್ರೋಲ್ ಹೆಚ್ಚು ಕಂಪ್ರೆಶನ್ ತಾಳುತ್ತಿರಲಿಲ್ಲ. ಈಗಿನ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿನ ಆಕ್ಟೇನ್ 95, ಅದಕ್ಕೆ ಮುಂಚಿನ ಸಾದಾ ಪೆಟ್ರೋಲಿಗೆ 91. ಹಾಗಾಗಿ 7.2ರ ಇಂಜಿನ್ನನ್ನು 8.3ಕ್ಕೆ ತರಲು ಇಂದು ಅಡ್ಡಿಯಿಲ್ಲ. ಆದರೆ ಎಥೆನಾಲ್ ಇರುವ ಪೆಟ್ರೋಲ್ ಉರಿಯಲು ಗಾಳಿ ಕಡಿಮೆ ಸಾಕು. ಹಳೆಯ ಜೆಟ್ಟಿನ ಕಾರ್ಬ್ಯುರೇಟರ್‌ನಲ್ಲಿ ಮಿಶ್ರಣ ತೆಳುವಾಗಿ ಇಂಜಿನ್ ಬಿಸಿ ಏರುತ್ತದೆ. ಜೆಟ್ ದೊಡ್ಡದು ಮಾಡಬೇಕು, ರಬ್ಬರ್ ಪೈಪು, ವಾಷರ್ ಎಲ್ಲ ಬದಲಿಸಬೇಕು. ಇಲ್ಲದಿದ್ದರೆ ಹೆಬ್ಬಾಳ ಫ್ಲೈಓವರ್ ಮೇಲೆ ಬೆಳಿಗ್ಗೆ ಒಂಬತ್ತಕ್ಕೆ ನಿಂತಾಗ ಹೊಸ ಹೆಡ್ಡಿನ ಯೋಗ್ಯತೆ ತಿಳಿಯುತ್ತದೆ.

ಪದ್ಮಿನಿಯವರ ಸಮಸ್ಯೆ ಬೇರೆ. ಫಿಯೆಟ್ 1937ರಲ್ಲಿ 508 ಸಿ ಕಾರಿಗೆ ಮಾಡಿದ 68 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕಿನ 1089 ಸಿಸಿ ಅಳತೆಯೇ ಮುಂಬೈನ ಕುರ್ಲಾದಲ್ಲಿ ಪದ್ಮಿನಿ ನಿಲ್ಲುವವರೆಗೂ, ಅಂದರೆ 2000ದ ಹೊತ್ತಿನವರೆಗೂ ನಡೆಯಿತು. ಬ್ಲಾಕ್ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಒಮ್ಮೆ ಹೀಟ್ ಆದರೆ ಹೆಡ್ ಬಾಗುತ್ತದೆ, ಬಾಗಿದಾಗಲೆಲ್ಲ ಫೇಸಿಂಗ್. ಶಿವಾಜಿನಗರದ ಗುಜರಿಯಲ್ಲೋ ಜೆ.ಸಿ. ರಸ್ತೆಯ ಹಳೇ ಅಂಗಡಿಯಲ್ಲೋ ಸಿಗುವ ಹೆಡ್ ಅದೇ ಮಾದರಿಯದೇ ಆದರೂ ಎಷ್ಟು ಸಲ ಉಜ್ಜಿಸಿಕೊಂಡಿದೆಯೋ ಹೇಳುವವರಿಲ್ಲ. ವರ್ನಿಯರ್ ಜೊತೆಗೆ ಒಯ್ದು ಎತ್ತರ ಅಳೆದೇ ದುಡ್ಡು ಕೊಡಿ.

ಬೆಂಗಳೂರಿನದೇ ಕಾರೊಂದಿದೆ, ಅದರ ಕತೆ ಬಿಟ್ಟರೆ ತಪ್ಪಾದೀತು. 1982ರಲ್ಲಿ ಸಿಪಾನಿಯವರು ತಂದ ಡಾಲ್ಫಿನ್. ಇಂಗ್ಲೆಂಡಿನ ರಿಲಯಂಟ್ ಕಿಟನ್‌ನ ರೂಪ, ಫೈಬರ್‌ಗ್ಲಾಸ್ ಮೈ, 848 ಸಿಸಿಯ ಅಲ್ಯೂಮಿನಿಯಂ ಇಂಜಿನ್. ಬ್ಲಾಕೂ ಅಲ್ಯೂಮಿನಿಯಂ, ಹೆಡ್ಡೂ ಅಲ್ಯೂಮಿನಿಯಂ. ರಿಲಯಂಟ್‌ನ ಇದಕ್ಕೂ ಹಿಂದಿನ ಇಂಜಿನ್ 748 ಸಿಸಿ. ಎರಡರ ಬೋರ್ 62.5 ಮಿ.ಮೀ., ವ್ಯತ್ಯಾಸ ಸ್ಟ್ರೋಕಿನಲ್ಲಿ ಮಾತ್ರ. ಒಂದರ ಹೆಡ್ ಇನ್ನೊಂದರ ಮೇಲೆ ಕೂರಿಸುವ ಆಸೆಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ ಎನಿಸುತ್ತದೆ. ಆದರೆ ಈ ಇಂಜಿನ್ನಿನಲ್ಲಿ ಸಿಲಿಂಡರ್ ಲೈನರುಗಳು ನೀರಿನಲ್ಲೇ ನಿಂತಿರುತ್ತವೆ, ಅವನ್ನು ಒತ್ತಿ ಹಿಡಿಯುವುದು ಹೆಡ್. ಹೆಡ್ ತೆಗೆದು ಲೈನರಿಗೆ ಕ್ಲಾಂಪ್ ಹಾಕದೆ ಕ್ರ್ಯಾಂಕ್ ತಿರುಗಿಸಿದರೆ ಲೈನರ್ ಮೇಲೆದ್ದು ಕೆಳಗಿನ ಸೀಲ್ ಕಿತ್ತು ನೀರು ಆಯಿಲ್‌ಗೆ ಸೇರುತ್ತದೆ. ಡಾಲ್ಫಿನ್, ಸಿಪಾನಿಯವರದೇ ಮೊಂಟಾನಾ ಇಟ್ಟುಕೊಂಡವರು ಹೆಡ್ ಬದಲಿಸಲು ಹೊರಡುವುದು ಬಿಡಿಭಾಗ ಸಿಗದೆ, ಶೋಕಿಗಲ್ಲ. ಅಂಥವರು ಮೊದಲು ಆ ನಾಲ್ಕು ಕ್ಲಾಂಪ್ ಮಾಡಿಸಿಕೊಳ್ಳಲಿ. ಪೀಣ್ಯದಲ್ಲಿ ಅರ್ಧ ದಿನದ ಕೆಲಸ.

ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರು ಟ್ರಯಂಫ್ ಸ್ಪಿಟ್‌ಫೈರ್‌ನ 1296 ಸಿಸಿಯ ಎಂಟು ಪೋರ್ಟಿನ ಹೆಡ್ ಮೇಲೆ ಕಣ್ಣು ಹಾಕುತ್ತಾರೆ. ಅದಕ್ಕೂ ಮೇಲೆ ಹೇಳಿದ ಸಿಸಿ ಲೆಕ್ಕವೇ. ಮಾರುತಿಯಲ್ಲಿ ತಲೆಮಾರೇ ಬೇರೆ. ಹಳೆಯ 800ರ ಆರು ವಾಲ್ವಿನ ಇಂಜಿನ್ನಿಗೂ 2000ದಲ್ಲಿ ಆಲ್ಟೊ ಜೊತೆ ಬಂದ ಹನ್ನೆರಡು ವಾಲ್ವಿನದಕ್ಕೂ ಬೋರ್ 68.5, ಸ್ಟ್ರೋಕ್ 72 ಮಿ.ಮೀ. ಆದರೆ ಹೊಸ ಹೆಡ್ಡಿನ ಹಿಂದೆ ಇಂಜೆಕ್ಟರ್, ಸೆನ್ಸರ್, ಇಸಿಯು, ಅದರ ವೈರಿಂಗ್, ಹೆಚ್ಚು ಒತ್ತಡದ ಪೆಟ್ರೋಲ್ ಪಂಪ್ ಎಲ್ಲ ಸಾಲುಗಟ್ಟಿ ಬರುತ್ತವೆ. ಅಷ್ಟಕ್ಕೆ ಇಡೀ ಇಂಜಿನ್ನೇ ತರುವುದು ಲೇಸು. ಅಂಬಾಸಿಡರ್‌ನ ಡೀಸೆಲ್ ಇಂಜಿನ್ ಸಹ 1489 ಸಿಸಿಯದೇ, ಅದೇ ಬಿ ಸೀರೀಸ್ ವಂಶವೇ. ಅದರ ಹೆಡ್ ಪೆಟ್ರೋಲ್ ಬ್ಲಾಕಿಗೆ ಹಾಕುತ್ತೇನೆ ಎನ್ನುವವರಿಗೆ ಒಂದು ಲೋಟ ಕಾಫಿ ಕೊಟ್ಟು ಮನೆಗೆ ಕಳಿಸುವುದೇ ಸರಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರ ಮೂಲ ವಿವರಕ್ಕೆ ತಾಳೆಯಾಗದಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. ಇಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. ಹೆಡ್ ಬದಲಿಸಿದರೆ ಆ ನಂಬರಾಗಲಿ ಸಿಸಿಯಾಗಲಿ ಬದಲಾಗದು. ಇಡೀ ಇಂಜಿನ್ ಬದಲಿಸಿದರೆ ಮಾತ್ರ ಆರ್‌ಟಿಓ ಅನುಮತಿ, ಆರ್‌ಸಿಯಲ್ಲಿ ನಮೂದು ಬೇಕೇ ಬೇಕು. ಆದರೆ 50 ವರ್ಷ ದಾಟಿದ ಕಾರುಗಳ ಯಜಮಾನರು ಇನ್ನೊಂದು ನಿಯಮ ನೋಡಬೇಕು. 2021ರಲ್ಲಿ ಕೇಂದ್ರ ತಂದ ವಿಂಟೇಜ್ ನೋಂದಣಿಯಲ್ಲಿ ‘ವಿಎ’ ಅಕ್ಷರದ ನಂಬರ್ ಸಿಗುತ್ತದೆ, ಶುಲ್ಕ 20,000 ರೂಪಾಯಿ. ಷರತ್ತು: ಕಾರು ಮೂಲ ಸ್ವರೂಪದಲ್ಲಿರಬೇಕು, ಚಾಸಿಸ್, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಎಂಜಿಯ ಹೆಡ್, ಎರಡು ಕಾರ್ಬ್ಯುರೇಟರ್ ಹೊತ್ತ 1965ರ ಅಂಬಾಸಿಡರ್ ಆ ಸಾಲಿನಲ್ಲಿ ನಿಂತಾಗ ಪ್ರಶ್ನೆ ಏಳುವುದು ಸಹಜ.

ಹಾಗಾಗಿ ಹೆಡ್ ಬದಲಿಸಲೇಬೇಕೆಂದು ಹೊರಟವರಲ್ಲಿ ಒಂದು ಕೋರಿಕೆ. ಬಿಚ್ಚಿದ ಹಳೆಯ ಹೆಡ್ಡನ್ನು ಗುಜರಿಗೆ ಹಾಕಬೇಡಿ. ಮಸಿ ತೆಗೆದು, ಗ್ರೀಸ್ ಬಳಿದು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಪುಶ್‌ರಾಡು, ರಾಕರ್ ಸಮೇತ ಒಂದು ಪೆಟ್ಟಿಗೆಯಲ್ಲಿಡಿ. ನಾಲ್ಕೂ ಪೊಳ್ಳಿನ ಸಿಸಿ, ಹೆಡ್ಡಿನ ಎತ್ತರ, ಬಿಚ್ಚಿದ ತಾರೀಖು ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಬ್ಲಾಕಿನ ಜೊತೆ ಹುಟ್ಟಿದ ಹೆಡ್ ಅದೊಂದೇ. ಕಾರು ನಿಮ್ಮ ಮಕ್ಕಳ ಕೈಗೋ ಬೇರೆಯವರ ಕೈಗೋ ಹೋದಾಗ ಆ ಪೆಟ್ಟಿಗೆಯೂ ಕಾರಿನ ಜೊತೆಗೇ ಹೋಗಲಿ.